ಮನೆಮಂದಿಗೆಲ್ಲ ಒಂದೇ ಸಿನಿಮಾ: ಅಪ್ಪನ ಕಿವಿ ಕಲಿಸಿದ ಪಾಠ

ರಾತ್ರಿ ಎಂಟೂವರೆಗೇ ಊಟ ಮುಗಿದಿತ್ತು. ಒಂಬತ್ತೂಕಾಲಾದರೂ ನಾನಿನ್ನೂ ರಿಮೋಟ್ ಒತ್ತುತ್ತಾ ಕೂತಿದ್ದೆ.

ದೀಪಾವಳಿ ರಜೆಗೆ ಬೆಂಗಳೂರಿನಿಂದ ಊರಿಗೆ, ಚಿಂಚೋಳಿಗೆ ಬಂದಿದ್ದೆ. ಬೋನಸ್ ದುಡ್ಡಲ್ಲಿ ಮನೆಗೆ ಕೊಡಿಸಿದ 43 ಇಂಚಿನ ಟಿವಿ, ಅದರಲ್ಲಿ ಮೂರು ಓಟಿಟಿ ಆ್ಯಪ್‌ಗಳ ಚಂದಾ. ಟಿವಿ ಮುಂದೆ ಐದು ಜನ: ಅವ್ವ, ಅಪ್ಪ, ಹಬ್ಬಕ್ಕೆ ತವರಿಗೆ ಬಂದ ಅಕ್ಕ, ಅವಳ ಒಂಬತ್ತು ವರ್ಷದ ಮಗ, ಮತ್ತೆ ನಾನು. ಒಂದು ಟ್ರೇಲರ್ ಹಾಕಿದರೆ ಅಕ್ಕ "ಬ್ಯಾಡೋ, ಬರೀ ಹೊಡ್ದಾಟ ಅದ" ಅಂತಿದ್ದಳು. ಇನ್ನೊಂದು ಹಾಕಿದರೆ ಅಳಿಯ ಮುಖ ಗಂಟಿಕ್ಕುತ್ತಿದ್ದ. "ಯಾವ್ದರ ಒಂದ್ ಹಚ್ಚೋ ತಮ್ಮಾ, ಹಿಂಗೇ ಕೂತ್ರ ಬೆಳಗಾಗ್ತದ" ಅಂತ ಅವ್ವ ಆಕಳಿಸಿದಳು. ಕೊನೆಗೆ ರೇಟಿಂಗ್ ಚೆನ್ನಾಗಿದ್ದ ಒಂದು ಕ್ರೈಂ ಥ್ರಿಲ್ಲರ್ ಹಾಕಿದೆ. ಇಪ್ಪತ್ತೇ ನಿಮಿಷಕ್ಕೆ ಅಪ್ಪ ಎದ್ದ.

"ನೀವ್ ನೋಡ್ರಪಾ. ನನಗ ನಿದ್ದಿ ಬರ್ಲಾಕತ್ತದ."

ಇದು ಮೊದಲ ಸಲ ಏನಲ್ಲ. ಟಿವಿ ಬಂದ ಎರಡು ವರ್ಷದಲ್ಲಿ ಅಪ್ಪ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ವಯಸ್ಸಾಯ್ತು, ಆಸಕ್ತಿ ಹೋಗಿದೆ ಅಂತ ನಾನು ಅಂದುಕೊಂಡಿದ್ದೆ. ಪ್ರಾಯದಲ್ಲಿ ರಾಜಕುಮಾರ್ ಸಿನಿಮಾ ಬಂತು ಅಂದರೆ ಕೆಲಸಕ್ಕೆ ಚಕ್ಕರ್ ಹೊಡೆದು ಕಲಬುರಗಿಗೆ ಹೋಗಿ, ಸಾಲಾಗಿ ಎರಡು ಷೋ ನೋಡಿಕೊಂಡು ಬರುತ್ತಿದ್ದ ಮನುಷ್ಯನ ಬಗ್ಗೆ ಹೀಗೆ ಹೇಗೆ ಅಂದುಕೊಂಡೆನೋ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಶುರುವಿನಲ್ಲಿ ಅಪ್ಪ ನಡುನಡುವೆ "ಏನಂದಾ ಅವ?" ಅಂತ ಕೇಳ್ತಿದ್ದ. ನಾನು ಟಿವಿಯಿಂದ ಕಣ್ಣು ತೆಗೀದೆ "ಆಮ್ಯಾಗ ಹೇಳ್ತೀನಪಾ" ಅಂತಿದ್ದೆ. ಆಮೇಲೆ ಒಂದು ಸಲವೂ ಹೇಳಿದ್ದಿಲ್ಲ. ಸ್ವಲ್ಪ ದಿನಕ್ಕೆ ಅಪ್ಪ ಕೇಳೋದನ್ನೂ ಬಿಟ್ಟ.

ಮಾತೇ ಇಲ್ಲದ ಸಿನಿಮಾ

ಮರುದಿನ ಸಂಜೆ ಅಳಿಯನಿಗೆ ಅಂತ 'ಪುಷ್ಪಕ ವಿಮಾನ' ಹಾಕಿದೆ. 1987ರ ಸಿನಿಮಾ, ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್, ಕಮಲ್ ಹಾಸನ್ ನಾಯಕ, ಬಹುಪಾಲು ಚಿತ್ರೀಕರಣ ನಮ್ಮ ಬೆಂಗಳೂರಿನಲ್ಲೇ. ಎರಡು ಗಂಟೆಗೂ ಹೆಚ್ಚಿನ ಈ ಸಿನಿಮಾದಲ್ಲಿ ಒಂದೇ ಒಂದು ಸಂಭಾಷಣೆ ಇಲ್ಲ. ಹಾಗಂತ ಮೂಕಿ ಚಿತ್ರ ಅಲ್ಲ. ಸದ್ದು ಇದೆ, ಸಂಗೀತ ಇದೆ, ಮಾತು ಮಾತ್ರ ಇಲ್ಲ. ಕೆಲಸ ಸಿಗದ ಯುವಕನೊಬ್ಬ ದಾರಿಯಲ್ಲಿ ಬಿದ್ದಿದ್ದ ಕುಡುಕ ಶ್ರೀಮಂತನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ದೊಡ್ಡ ಹೋಟೆಲ್ ರೂಮಿನಲ್ಲಿ ತಾನು ಮಜಾ ಮಾಡುವ ಕಥೆ.

ಪಕ್ಕದ ಮನೆಯ ಇಬ್ಬರು ಹುಡುಗರೂ ಬಂದು ಕೂತರು. ನಮ್ಮೂರ ಕಡೆ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲ ಕಿವಿಗೆ ಬೀಳ್ತವೆ. ತೆಲಂಗಾಣದ ತಾಂಡೂರು ಹತ್ತಿರ, ಸುತ್ತ ತಾಂಡಾಗಳು. ಯಾವ ಭಾಷೆಯ ಸಿನಿಮಾ ಹಾಕಿದರೂ ಒಬ್ಬರಿಗೆ ಪೂರ್ತಿ ಅರ್ಥವಾಗಲ್ಲ. ಈ ಸಿನಿಮಾಕ್ಕೆ ಆ ತಕರಾರೇ ಇರಲಿಲ್ಲ.

ಅಪ್ಪ ಒಳಗೆ ಹೋಗುವವನು ಬಾಗಿಲಲ್ಲೇ ನಿಂತ. ಐದು ನಿಮಿಷ ನಿಂತವನು ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತ.

ಅದರಲ್ಲೊಂದು ದೃಶ್ಯ ಬರುತ್ತೆ. ನಾಯಕನ ಹಳೇ ಕೋಣೆ ಸಿನಿಮಾ ಟಾಕೀಸಿನ ಪಕ್ಕದಲ್ಲಿ ಇದ್ದದ್ದು. ದಿನಾ ರಾತ್ರಿ ಫೈಟಿಂಗ್ ಸದ್ದಿನಲ್ಲೇ ಮಲಗಿ ಅಭ್ಯಾಸ. ಹೋಟೆಲ್‌ನ ಮೆತ್ತನೆ ಹಾಸಿಗೆ, ತಣ್ಣನೆ ಎಸಿ, ಸದ್ದೇ ಇಲ್ಲದ ರೂಮು, ಅಲ್ಲಿ ಅವನಿಗೆ ನಿದ್ದೆನೇ ಬರಲ್ಲ. ಕೊನೆಗೆ ಟಾಕೀಸಿನ ಆ ಗದ್ದಲವನ್ನು ಟೇಪಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಅಪ್ಪ ಹೊಟ್ಟೆ ಹಿಡಿದು ನಕ್ಕ. "ಮಿಲ್ ಬಿಟ್ಟ ಹೊಸದಾಗ ನಂದೂ ಇದೇ ಕತಿ ಆಗಿತ್ತು ನೋಡು!" ಅಂದ.

ಅಪ್ಪ 26 ವರ್ಷ ಒಂದು ದಾಲ್‌ಮಿಲ್‌ನಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ. ದಿನಕ್ಕೆ ಎಂಟು-ಹತ್ತು ಗಂಟೆ. ಕಿವಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ.

ಆವತ್ತು ಅಪ್ಪ ಸಿನಿಮಾ ಮುಗಿಯುವವರೆಗೂ ಏಳಲಿಲ್ಲ. ನಿದ್ದೆ ಬರೋದು ಸುಳ್ಳು, ಅಪ್ಪನಿಗೆ ಮಾತು ಕೇಳಿಸ್ತಿಲ್ಲ ಅನ್ನೋದು ನನಗೆ ಹೊಳೆದದ್ದು ಆ ರಾತ್ರಿಯೇ.

ಹಾಲು, ಕಾಲು, ಸಾಲು, ಪಾಲು

ರಜೆ ಎರಡು ದಿನ ಮುಂದುವರಿಸಿ ಅಪ್ಪನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಹೆಡ್‌ಫೋನ್ ಹಾಕಿ ಬೇರೆ ಬೇರೆ ಸ್ವರ ಕೇಳಿಸಿ, ಎಷ್ಟು ಸಣ್ಣ ಸದ್ದಿನವರೆಗೆ ಕೇಳುತ್ತೆ ಅಂತ ಗೆರೆ ಎಳೀತಾರೆ. ಅದು ಆಡಿಯೋಗ್ರಾಮ್. ಅಪ್ಪನ ಗೆರೆ ಎಡಗಡೆ ಸರಿಯಾಗಿತ್ತು, ಬಲಕ್ಕೆ ಹೋಗ್ತಾ ಹೋಗ್ತಾ ಕೆಳಗೆ ಜಾರಿತ್ತು. ನೋಡಿದ ಕೂಡಲೇ ಕಾಲೇಜಿನಲ್ಲಿ ಓದಿದ ಲೋ-ಪಾಸ್ ಫಿಲ್ಟರ್ ನೆನಪಾಯ್ತು. ದಪ್ಪ ದನಿಗಳು ಒಳಗೆ ಬರ್ತವೆ, ಸಣ್ಣ ದನಿಗಳು ಬಾಗಿಲಲ್ಲೇ ನಿಲ್ತವೆ.

85 ಡೆಸಿಬೆಲ್‌ಗಿಂತ ಜಾಸ್ತಿ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಹೀಗೇ ಹಾಳಾಗುತ್ತೆ. ಮೊದಲು ಹೋಗೋದು 4000 ಹರ್ಟ್ಸ್ ಆಸುಪಾಸಿನ ಶಕ್ತಿ. ಮಾತಿನಲ್ಲಿ ಸ್ವರಗಳು ದಪ್ಪ ದನಿ. ಆ, ಓ, ಊ ಎಲ್ಲ ಕೇಳಿಸ್ತವೆ. ಸ, ಶ, ಕ, ತ, ಪ, ಹ ಥರದ ವ್ಯಂಜನಗಳು ಮಾತ್ರ ಉದುರಿ ಹೋಗ್ತವೆ. ಹಾಲು, ಕಾಲು, ಸಾಲು, ಪಾಲು ಎಲ್ಲವೂ ಅಪ್ಪನಿಗೆ 'ಆಲು' ಅಂತ ಕೇಳಿಸಬಹುದು. ಉಳಿದಿದ್ದನ್ನು ಎದುರಿಗಿರುವವರ ತುಟಿ ನೋಡಿ, ಸಂದರ್ಭ ನೋಡಿ ಅಂದಾಜು ಮಾಡಿಕೊಳ್ತಾರೆ. ಮನೆ ಮಾತು ನಡೆದುಹೋಗುತ್ತೆ. ಅದಕ್ಕೇ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಕತ್ತಲಲ್ಲಿ ಪಿಸುಗುಟ್ಟುವ ಪೊಲೀಸ್ ಅಧಿಕಾರಿ, ಹಿಂದೆ ಢಣಢಣ ಮ್ಯೂಸಿಕ್ ಇರುವ ಥ್ರಿಲ್ಲರ್‌ನಲ್ಲಿ ಆ ಅಂದಾಜು ನಡೆಯಲ್ಲ.

ಇಷ್ಟು ಗೊತ್ತಾದ ಮೇಲೆ, ಮನೆಯಲ್ಲಿ ನೋಡಲು ಒಳ್ಳೆಯ ಸಿನಿಮಾ ಯಾವುದು ಅನ್ನೋ ಪ್ರಶ್ನೆಯನ್ನೇ ನಾನು ತಪ್ಪಾಗಿ ಕೇಳ್ತಿದ್ದೆ ಅನ್ನಿಸಿತು. ಯಾವುದು ಒಳ್ಳೆಯದು ಅನ್ನೋದಕ್ಕಿಂತ ಮೊದಲು, ಯಾರ್ಯಾರು ಕೂತಿದ್ದಾರೆ ಅಂತ ನೋಡಬೇಕು.

ಆಯ್ಕೆ ಹಗಲೇ ಮುಗಿಯಲಿ

ನಾನು ಸಾಫ್ಟ್‌ವೇರ್ ಕೆಲಸದವನು. ಓಟಿಟಿ ಆ್ಯಪ್ ತೋರಿಸುವ 'ನಿಮಗಾಗಿ' ಪಟ್ಟಿ ಹೇಗೆ ತಯಾರಾಗುತ್ತೆ ಅಂತ ಗೊತ್ತಿದ್ದೂ ಅದನ್ನೇ ನಂಬಿದ್ದೆ. ಆ ಪ್ರೊಫೈಲ್‌ನಲ್ಲಿ ಏನೇನು ನೋಡಿದ್ದಾರೆ, ಎಷ್ಟು ಹೊತ್ತು ನೋಡಿದ್ದಾರೆ ಅನ್ನೋದು ಅದಕ್ಕೆ ಗೊತ್ತು. ಸೋಫಾ ಮೇಲೆ ಯಾರಿದ್ದಾರೆ ಅಂತ ಗೊತ್ತಿಲ್ಲ. ನಾನು ಬೆಂಗಳೂರಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬನೇ ನೋಡಿದ ಕೊಲೆ ಕಥೆಗಳ ಲೆಕ್ಕದ ಮೇಲೆ ಅದು ನಮ್ಮವ್ವನಿಗೆ ಸಿನಿಮಾ ಆರಿಸಿಕೊಡ್ತಿತ್ತು. ಈಗ ಮನೆ ಟಿವಿಗೆ 'ಮನೆ' ಅಂತಲೇ ಬೇರೆ ಪ್ರೊಫೈಲ್ ಮಾಡಿದ್ದೀನಿ. ಎರಡು ನಿಮಿಷದ ಕೆಲಸ.

ಎರಡನೇದು, ಆಯ್ಕೆ ಟಿವಿ ಮುಂದೆ ಮಾಡೋದು ಬಿಟ್ಟಿದ್ದೀವಿ. ಶನಿವಾರ ಮಧ್ಯಾಹ್ನವೇ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಹೆಸರು ಹಾಕ್ತೀನಿ. ಮೂರನೇದು ಹಾಕಿದರೆ ಮತ್ತೆ ಚರ್ಚೆ ಶುರು. ಎರಡರಲ್ಲಿ ಒಂದಕ್ಕೆ ಕೈ ಎತ್ತಬೇಕು ಅಷ್ಟೇ. ಸರದಿಯೂ ಇದೆ: ಒಂದು ವಾರ ಅವ್ವನ ಮಾತೇ ಕೊನೆ, ಒಂದು ವಾರ ಅಕ್ಕನದು.

ಮೂರನೇದು, ಆರಿಸಿದ ಸಿನಿಮಾದ ಮೊದಲ ಹತ್ತು ನಿಮಿಷ, ಆಮೇಲೆ ನಡುವಿನ ಐದು ನಿಮಿಷ ನಾನೇ ಮೊದಲು ನೋಡಿಬಿಡ್ತೀನಿ. ಟ್ರೇಲರ್ ನಂಬಬೇಡಿ, ಅದು ಜಾಹೀರಾತು. ಮಾತು ಸ್ಪಷ್ಟ ಇದೆಯಾ, ಮುಖಗಳು ಬೆಳಕಲ್ಲಿವೆಯಾ, ಮಕ್ಕಳ ಮುಂದೆ ನೋಡಬಹುದಾ ಅನ್ನೋದು ಆ ಹದಿನೈದು ನಿಮಿಷದಲ್ಲಿ ತಿಳಿಯುತ್ತೆ. ವಯಸ್ಸಿನ ಗುರುತನ್ನೂ ನೋಡಿ. 2021ರ ಐಟಿ ನಿಯಮಗಳ ಪ್ರಕಾರ ಓಟಿಟಿಯಲ್ಲಿ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಐದು ವರ್ಗ ಇವೆ. ಸಿನಿಮಾ ಶುರುವಾಗುವಾಗ ಹಿಂಸೆ, ಬೈಗುಳ ಏನಿದೆ ಅಂತ ಮೂಲೆಯಲ್ಲಿ ಬರೆದಿರ್ತಾರೆ. ನಾವು ಅದನ್ನು ಓದೋದೇ ಇಲ್ಲ.

ಟಿವಿಯನ್ನೂ ಸ್ವಲ್ಪ ತಿದ್ದಿ

'ಮ್ಯೂಸಿಕ್ ಕಿವಿ ಹರಿಯುತ್ತೆ, ಮಾತು ಕೇಳಲ್ಲ' ಅನ್ನೋ ಗೋಳು ಬರೀ ವಯಸ್ಸಾದವರದಲ್ಲ. ಟಾಕೀಸಿಗಾಗಿ ಮಾಡಿದ ಧ್ವನಿಯಲ್ಲಿ ಮಾತಿನ ಬಹುಪಾಲು ನಡುವಿನ ಸ್ಪೀಕರ್‌ನಿಂದ ಬರುವಂತೆ ಇರುತ್ತೆ. ನಮ್ಮ ಟಿವಿಯಲ್ಲಿ ಆ ನಡುವಿನ ಸ್ಪೀಕರೇ ಇಲ್ಲ. ಎಲ್ಲವನ್ನೂ ಎರಡು ಸಣ್ಣ ಸ್ಪೀಕರ್‌ಗೆ ತುರುಕುವಾಗ ಮಾತು ಮ್ಯೂಸಿಕ್ ಅಡಿಗೆ ಬೀಳುತ್ತೆ. ಮೇಲಾಗಿ ತೆಳು ಟಿವಿಗಳ ಸ್ಪೀಕರ್ ಬಾಯಿ ನಮ್ಮ ಕಡೆ ಇರಲ್ಲ, ಕೆಳಗೋ ಹಿಂದಕ್ಕೋ ಇರುತ್ತೆ.

ನಾವು ಮಾಡಿದ್ದು ಇಷ್ಟು. ಆ್ಯಪ್‌ನ ಆಡಿಯೋದಲ್ಲಿ 5.1 ಬಿಟ್ಟು ಸ್ಟೀರಿಯೋ ಆರಿಸಿದೆವು. ಟಿವಿ ಸೆಟ್ಟಿಂಗ್‌ನಲ್ಲಿ ಮಾತು ಸ್ಪಷ್ಟ ಮಾಡುವ ಮೋಡ್ ಇರುತ್ತೆ, 'ಸ್ಪೀಚ್', 'ಕ್ಲಿಯರ್ ವಾಯ್ಸ್' ಥರದ ಹೆಸರಲ್ಲಿ, ಅದನ್ನು ಆನ್ ಮಾಡಿದೆವು. ಅಪ್ಪನ ಕುರ್ಚಿ ಟಿವಿ ಹತ್ತಿರಕ್ಕೆ ಬಂತು. ಸದ್ದು ಮಾಡ್ತಿದ್ದ ಹಳೇ ಫ್ಯಾನು ಬದಲಾಯ್ತು. ಖರ್ಚು ಆದದ್ದು ಫ್ಯಾನಿಗೆ ಮಾತ್ರ. ಬರೀ ವಾಲ್ಯೂಮ್ ಏರಿಸಿದರೆ ಪ್ರಯೋಜನ ಇಲ್ಲ. ಕೇಳಿಸೋ ಸದ್ದೇ ಇನ್ನೂ ಜಾಸ್ತಿ ಆಗುತ್ತೆ, ಕೇಳಿಸದ ಅಕ್ಷರ ಆಗಲೂ ಕೇಳಿಸಲ್ಲ.

ಇನ್ನು ಸಬ್‌ಟೈಟಲ್. ಅಪ್ಪ ದಿನಾ ಕನ್ನಡ ಪೇಪರ್ ಮೊದಲ ಪುಟದಿಂದ ಕೊನೆ ಪುಟದವರೆಗೆ ಓದ್ತಾನೆ. ಆದರೆ ಕನ್ನಡ ಸಿನಿಮಾಕ್ಕೆ ಸಿಗೋದು ಹೆಚ್ಚಾಗಿ ಇಂಗ್ಲಿಷ್ ಸಬ್‌ಟೈಟಲ್. ಕನ್ನಡದ ಮಾತಿಗೆ ಕನ್ನಡದ್ದೇ ಅಕ್ಷರ ಸಿಗೋದು ಅಪರೂಪ. ಕಿವಿ ಕೇಳದವರಿಗೂ ಟಾಕೀಸಿನಲ್ಲಿ ಸಿನಿಮಾ ನೋಡುವಂತಾಗಬೇಕು ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮನೆಯ ಟಿವಿಗೂ ಅದು ಬರಬೇಕು. ಆ್ಯಪ್‌ಗಳಲ್ಲಿ ದೂರು-ಸಲಹೆ ಕೊಡುವ ಜಾಗ ಇರುತ್ತೆ. ನಾನು ಕನ್ನಡ ಸಬ್‌ಟೈಟಲ್ ಬೇಕು ಅಂತ ಪ್ರತಿ ಸಲ ಬರೀತೀನಿ. ನೀವೂ ಒಂದು ಸಾಲು ಬರೀರಿ.

ನಮ್ಮ ಮನೆಯಲ್ಲಿ ಗೆದ್ದ ಸಿನಿಮಾಗಳು

ಯಾವ ಆ್ಯಪ್‌ನಲ್ಲಿ ಇದೆ ಅಂತ ಬರೆಯಲ್ಲ. ಹಕ್ಕುಗಳು ಬದಲಾಗ್ತಾ ಇರ್ತವೆ, ಹೆಸರು ಹಾಕಿ ಹುಡುಕಿಕೊಳ್ಳಿ.

ಬಂಗಾರದ ಮನುಷ್ಯ (1972): ಹಳೇದಲ್ವಾ ಅಂತ ಮೂಗು ಮುರೀಬೇಡಿ. ಇದರಿಂದ ನನಗೆ ಒಂದು ದೊಡ್ಡ ವಿಷಯ ಗೊತ್ತಾಯ್ತು. ಕಿವಿ ಮಂದ ಆದವರಿಗೆ ಮೊದಲೇ ನೋಡಿದ ಸಿನಿಮಾನೇ ಅತಿ ಒಳ್ಳೆಯ ಸಿನಿಮಾ. ಮಾತು ಬಾಯಿಪಾಠ ಇರೋದರಿಂದ ಕೇಳಿಸದಿದ್ದರೂ ಕೇಳಿಸುತ್ತೆ. ಸಿದ್ದಲಿಂಗಯ್ಯ ನಿರ್ದೇಶನದ, ಟಿ.ಕೆ. ರಾಮರಾವ್ ಕಾದಂಬರಿ ಆಧರಿಸಿದ ಈ ಸಿನಿಮಾ ನೋಡುವಾಗ ಅಪ್ಪ ಪ್ರತಿ ಮಾತನ್ನೂ ಅರ್ಧ ಸೆಕೆಂಡ್ ಮೊದಲೇ ಹೇಳ್ತಿದ್ದ. ಅಳಿಯ "ಮುತ್ಯಾ, ಮುಂದೇನ್ ಆಗ್ತದ?" ಅಂತ ಕೇಳೋದು, ಅಪ್ಪ "ತಡಿ, ಈಗ ನೋಡು" ಅನ್ನೋದು. ಅವತ್ತು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಸಿನಿಮಾ ಅರ್ಥವಾದದ್ದು ಅಪ್ಪನಿಗೆ.

ಶಿವಮ್ಮ ಯರೇಹಂಚಿನಾಳ: ಜೈಶಂಕರ್ ಆರ್ಯರ್ ನಿರ್ದೇಶನ. ಕೊಪ್ಪಳ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಚೈನ್ ಮಾರ್ಕೆಟಿಂಗ್ ನಂಬಿ ಪುಡಿ ಮಾರಲು ಹೊರಡುವ ಕಥೆ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, ಇಲ್ಲಿ ಬಿಡುಗಡೆ ಆದದ್ದು 2024ರಲ್ಲಿ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಂದರೆ ಅದು ಕಾಮಿಡಿ ಪಾತ್ರದ ಬಾಯಲ್ಲೇ ಅಂತ ಅವ್ವನಿಗೆ ಅಭ್ಯಾಸ ಆಗಿತ್ತು. ಇಲ್ಲಿ ಆ ಮಾತಾಡುವವಳೇ ನಾಯಕಿ. "ಇಕಿ ನಮ್ಮ ಓಣ್ಯಾಕಿ ಇದ್ದಂಗ ಅದಾಳಲ್ಲೋ" ಅಂದ ಅವ್ವ ಸಿನಿಮಾ ಮುಗಿದ ಮೇಲೂ ಶಿವಮ್ಮನ ಸಾಲದ ಲೆಕ್ಕ ಹಾಕ್ತಾ ಕೂತಿದ್ದಳು.

ಗುಲಾಬಿ ಟಾಕೀಸ್ (2008): ವೈದೇಹಿಯವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ, ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ, ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಡಿಶ್ ಸಮೇತ ಟಿವಿ ಬರುತ್ತೆ. ಓಣಿಯ ಹೆಂಗಸರೆಲ್ಲ ಅಲ್ಲಿ ಸೇರ್ತಾರೆ. ಒಂದು ಟಿವಿ ಜನರನ್ನು ಹೇಗೆ ಕೂಡಿಸುತ್ತೆ, ಹೊರಗಿನ ಗಾಳಿ ಬೀಸಿದಾಗ ಅದೇ ಜನ ಹೇಗೆ ದೂರ ಆಗ್ತಾರೆ ಅನ್ನೋದು ಇದರಲ್ಲಿದೆ. ನಿಧಾನದ ಸಿನಿಮಾ. ದೊಡ್ಡವರು ಮಾತ್ರ ಇದ್ದಾಗ ಹಾಕಿ.

ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು (2018): ಮನೆಯಲ್ಲಿ ಮಕ್ಕಳಿದ್ದರೆ ಇದು. ಮುಚ್ಚಿಹೋಗುವ ಕನ್ನಡ ಶಾಲೆಗಾಗಿ ಮಕ್ಕಳು ಹೋರಾಡುವ ಕಥೆಯನ್ನು ರಿಷಬ್ ಶೆಟ್ಟಿ ನಗಿಸುತ್ತಲೇ ಹೇಳ್ತಾರೆ. ಗಡಿ ತಾಲೂಕಿನವರಾದ ನಮಗೆ ಇದು ದೂರದ ಕಥೆ ಅನ್ನಿಸಲಿಲ್ಲ.

ಡೇರ್‌ಡೆವಿಲ್ ಮುಸ್ತಫಾ (2023): ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಲೇಜು, ಕ್ರಿಕೆಟ್, ಹೊಸದಾಗಿ ಬಂದ ಮುಸ್ಲಿಂ ಹುಡುಗನ ಸುತ್ತ ಹುಟ್ಟುವ ಗುಮಾನಿ ಮತ್ತು ನಗು. ಪಕ್ಕದ ಮನೆಯವರನ್ನೂ ಕರೆದು ನೋಡುವಂಥದ್ದು. ನಾವು ಹಾಗೇ ನೋಡಿದೆವು.

ಗೋಧಿ ಬಣ್ಣ ಸಾಧಾರಣ ಮೈಕಟ್ಟು (2016): ಹೇಮಂತ್ ರಾವ್ ನಿರ್ದೇಶನ. ಮರೆವಿನ ಕಾಯಿಲೆಯ ತಂದೆಯಾಗಿ ಅನಂತ್ ನಾಗ್, ತಂದೆಯನ್ನು ಕಳೆದುಕೊಂಡು ಹುಡುಕುವ ಮಗನಾಗಿ ರಕ್ಷಿತ್ ಶೆಟ್ಟಿ. ಮಗನಿಗೆ ತನ್ನ ತಂದೆ ಯಾರು ಅಂತ ಗೊತ್ತಾಗೋದು ಹುಡುಕುವಾಗಲೇ. ಇದನ್ನು ನಾನು ಬೆಂಗಳೂರಿನ ರೂಮಿನಲ್ಲಿ ಒಬ್ಬನೇ ನೋಡಿದೆ. ಊರಿಗೆ ಹೋದಾಗ ಅಪ್ಪನ ಜೊತೆ ಕೂತು ನೋಡೋ ಧೈರ್ಯ ಇನ್ನೂ ಬಂದಿಲ್ಲ. ಎಲ್ಲ ಒಳ್ಳೆಯ ಸಿನಿಮಾವನ್ನೂ ಎಲ್ಲರ ಜೊತೆ ನೋಡಲೇಬೇಕು ಅಂತೇನಿಲ್ಲವಲ್ಲ.

ಪಾಸ್ ಬಟನ್

ಅಪ್ಪನಿಗೆ ಈಗ ಕಿವಿಯ ಮಷಿನ್ ಬಂದಿದೆ. ಅದರಿಂದ ಎಲ್ಲ ಸರಿಹೋಯ್ತು ಅಂದರೆ ಸುಳ್ಳಾಗುತ್ತೆ. ರೊಟ್ಟಿ ಬಡಿಯುವ ಸದ್ದು ಜೋರಾಗಿ ಕೇಳಿಸುತ್ತೆ ಅಂತ ಅರ್ಧ ದಿನ ತೆಗೆದು ಡಬ್ಬಿಯಲ್ಲಿ ಇಟ್ಟಿರ್ತಾನೆ. ಅಭ್ಯಾಸ ಆಗಲು ಸಮಯ ಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಹಾಳಾದ ನರ ಮತ್ತೆ ಚಿಗುರಲ್ಲ, ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂತಲೂ ಹೇಳಿದರು. ಆ ಮಾತು ನನಗೆ ಹೇಳಿದ್ದು ಅಂತಲೇ ಅನ್ನಿಸಿತು. 'ನಿದ್ದಿ ಬರ್ಲಾಕತ್ತದ' ಅಂತ ಅಪ್ಪ ಎರಡು ವರ್ಷ ಹೇಳಿದ್ದನ್ನು ಕೇಳಿಸಿಕೊಂಡವನು ನಾನೇ ಅಲ್ವಾ. ನಿಮ್ಮ ಮನೆಯಲ್ಲಿ ಯಾರಾದರೂ ಸಿನಿಮಾ ನಡುವೆ ಎದ್ದು ಹೋಗ್ತಿದ್ದರೆ, ಹೇಳಿದ್ದನ್ನೇ ಹೇಳಿಸ್ತಿದ್ದರೆ, ಒಂದು ಸಲ ಕಿವಿ ಪರೀಕ್ಷೆ ಮಾಡಿಸಿ. ನೋವಿಲ್ಲ, ಅರ್ಧ ಗಂಟೆಯ ಕೆಲಸ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನೇ ಸಂಜೆ ಏಳಕ್ಕೆ ಕೇಳಿದ: "ಇವತ್ತ ಯಾವ್ದೋ?" ಅವ್ವನ ಸರದಿಯ ವಾರ, ಅವ್ವ ತೆಲುಗು ಸಿನಿಮಾ ಆರಿಸಿದ್ದಳು. ಅರ್ಧ ಗಂಟೆ ಆಗಿತ್ತೇನೋ, ಅಪ್ಪ ನನ್ನ ಕಡೆ ಬಗ್ಗಿ "ಏನಂದಾ ಅವ?" ಅಂದ.

ನಾನು ಪಾಸ್ ಒತ್ತಿ, ಅಪ್ಪನ ಕಡೆ ತಿರುಗಿ ಕೂತು, ನಿಧಾನಕ್ಕೆ ಹೇಳಿದೆ. "ಮುಗೀತೇನಪಾ, ಹಚ್ಚಲ್ಯಾ?" ಅಂತ ಅಳಿಯ ರಿಮೋಟಿಗೆ ಕೈ ಚಾಚಿದ. "ತಡಿಯೋ, ಮಾಮಾ ಇನ್ನಾ ಹೇಳ್ಲಾಕತ್ತಾನ" ಅಂದ ಅಪ್ಪ.

ಆ ಸಿನಿಮಾ ಮುಗಿಯಲು ಮೂರೂವರೆ ಗಂಟೆ ಹಿಡೀತು. ನಡುವೆ ಯಾರೂ ಎದ್ದು ಹೋಗಲಿಲ್ಲ.